ಕಲ್ಯಾಣಮಿತ್ರರು

ಗೆಳೆತನಕ್ಕೆ ನಮ್ಮ ನುಡಿಯಲ್ಲಿ ಹೆಸರುಗಳ ಬಡತನವಿಲ್ಲ. ಗೆಳೆಯ, ಸ್ನೇಹಿತ, ಸಂಗಾತಿ, ಒಡನಾಡಿ, ಜೊತೆಗಾರ, ಆಪ್ತ, ಮಿತ್ರ—ಒಂದೊಂದು ಮಾತಿಗೂ ಒಂದೊಂದು ಬಣ್ಣ. ಧಾರವಾಡದ ಕಡೆಯವರು ಇದಕ್ಕೆ ದೋಸ್ತನನ್ನೂ ಸೇರಿಸುತ್ತಾರೆ. ಊರು ಬಿಟ್ಟು ಬಂದ ನಮ್ಮಂಥವರ ಪಟ್ಟಿ ಇನ್ನೂ ಉದ್ದ: ರೈಲಿನ ಗೆಳೆಯ, ಕಛೇರಿಯ ಗೆಳೆಯ, ಮಕ್ಕಳ ಶಾಲೆಯ ಬಾಗಿಲಲ್ಲಿ ಸಿಕ್ಕುವ ಗೆಳೆಯ, ರಾಜ್ಯೋತ್ಸವದ ದಿನ ಮಾತ್ರ ಕಾಣಿಸಿಕೊಂಡು ಚಿತ್ರಾನ್ನದ ಸಾಲಿನಲ್ಲಿ ಕುಶಲ ವಿಚಾರಿಸುವ ಗೆಳೆಯ. ಇವರೆಲ್ಲ ಬೇಕಾದವರೇ. ಮನೆ ಬಾಡಿಗೆಗೆ ಸಿಕ್ಕುವುದು, ಊರಿನ ಬಸ್ಸಿಗೆ ಟಿಕೆಟು ಸಿಕ್ಕುವುದು, ಒಳ್ಳೆಯ ಉದ್ದಿನಬೇಳೆ ಯಾವ ಅಂಗಡಿಯಲ್ಲಿದೆಯೆಂದು ತಿಳಿಯುವುದು ಇವರಿಂದಲೇ. ಆದರೂ ಪರಊರಿನಲ್ಲಿ ಒಂದೊಂದು ರಾತ್ರಿ ಬರುತ್ತದೆ. ಆಗ ದೂರವಾಣಿಯಲ್ಲಿರುವ ಇನ್ನೂರು ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೂ ಯಾರನ್ನು ಕರೆಯಬೇಕೆಂದು ತೋಚುವುದಿಲ್ಲ. ಅಂಥ ರಾತ್ರಿಗೆ ಒದಗುವ ಗೆಳೆಯನಿಗೆ ಏನು ಹೆಸರು?

ಪಾಳಿ ಭಾಷೆಯಲ್ಲಿ ಒಂದು ಹೆಸರಿದೆ: ಕಲ್ಯಾಣಮಿತ್ತ. ಸಂಸ್ಕೃತದಲ್ಲಿ ಕಲ್ಯಾಣಮಿತ್ರ. ಕನ್ನಡದಲ್ಲಿ ಕಲ್ಯಾಣವೆಂದೊಡನೆ ನಮಗೆ ಮದುವೆಯ ಚಪ್ಪರ ನೆನಪಾಗುತ್ತದೆ, ಇಲ್ಲವೇ ಬಸವಣ್ಣನವರ ಊರು ನೆನಪಾಗುತ್ತದೆ. ಇಲ್ಲಿ ಅದರ ಅರ್ಥ ಒಳಿತು, ಶುಭ, ಚೆಲುವು. ನಮ್ಮ ಒಳಿತಿನ ಕಡೆಗೆ ಮುಖ ಮಾಡಿ ನಮ್ಮ ಜೊತೆಯಲ್ಲಿ ನಡೆಯುವವನು ಕಲ್ಯಾಣಮಿತ್ರ. ಅವನು ಗುರುವಾಗಿರಬಹುದು, ನೆರೆಯವನಾಗಿರಬಹುದು, ನಮಗಿಂತ ಕಿರಿಯನೂ ಆಗಿರಬಹುದು.

ಈ ಮಾತಿನ ಬೆಲೆ ಎಷ್ಟೆಂಬುದಕ್ಕೆ ಸಂಯುತ್ತನಿಕಾಯದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಬುದ್ಧನು ಶಾಕ್ಯರ ನಾಡಿನ ಒಂದು ಊರಿನಲ್ಲಿದ್ದಾಗ ಆನಂದನು ಬಂದು, ಒಳ್ಳೆಯವರ ಗೆಳೆತನವೆಂಬುದು ಧರ್ಮಜೀವನದ ಅರ್ಧ ಭಾಗವೆಂದು ತನಗೆ ತೋರುತ್ತದೆಂದು ಹೇಳಿದನು. ಆನಂದನು ಧಾರಾಳವಾಗಿಯೇ ಹೇಳಿದ್ದನಲ್ಲವೇ? ನೂರಕ್ಕೆ ಐವತ್ತು ಅಂಕ ಕಡಮೆಯೇನಲ್ಲ. ಆದರೆ ಬುದ್ಧನು ಅದನ್ನು ಒಪ್ಪಲಿಲ್ಲ. ಅರ್ಧವಲ್ಲ, ಅದೇ ಪೂರ್ತಿ ಎಂದು ತಿದ್ದಿದನು. ಕಲ್ಯಾಣಮಿತ್ರರಿರುವವನು ಅಷ್ಟಾಂಗ ಮಾರ್ಗವನ್ನು ಬೆಳೆಸಿಕೊಳ್ಳುತ್ತಾನೆಂದು ನಿರೀಕ್ಷಿಸಬಹುದು, ತನ್ನನ್ನೇ ಅಂಥ ಮಿತ್ರನನ್ನಾಗಿ ಹಿಡಿದು ಜನರು ದುಃಖದಿಂದ ಬಿಡುಗಡೆ ಪಡೆಯುತ್ತಾರೆ ಎಂದು ಕಾರಣವನ್ನೂ ಕೊಟ್ಟನು. ಕಾಡಿಗೆ ಹೋಗು, ಒಂಟಿಯಾಗಿ ಕುಳಿತುಕೋ ಎಂದು ಹೇಳಿದ ಅದೇ ಬುದ್ಧನ ಮಾತಿದು ಎಂದು ನೆನೆದಾಗ ಇದರ ತೂಕ ತಿಳಿಯುತ್ತದೆ.

ಒಂಟಿಯಾಗಿ ಹೋದವನ ಕಥೆಯೂ ಉಂಟು. ಆನಂದನಿಗಿಂತ ಮೊದಲು ಕೆಲಕಾಲ ಬುದ್ಧನ ಪರಿಚಾರಕನಾಗಿದ್ದ ಮೇಘಿಯನೆಂಬ ಭಿಕ್ಷುವಿಗೆ ನದೀತೀರದ ಒಂದು ಮಾವಿನ ತೋಪು ಕಂಡು ಮನಸ್ಸು ಸೋತಿತು. ಅಲ್ಲಿ ಕುಳಿತು ಧ್ಯಾನ ಮಾಡುತ್ತೇನೆಂದು ಅಪ್ಪಣೆ ಕೇಳಿದನು. ಇನ್ನೊಬ್ಬ ಭಿಕ್ಷು ಬರುವವರೆಗೆ ತಾಳೆಂದು ಬುದ್ಧನು ಹೇಳಿದರೂ ಮೂರನೆಯ ಸಲ ಕೇಳಿ ಹೊರಟೇ ಬಿಟ್ಟನು. ತೋಪೇನೋ ಚೆನ್ನಾಗಿತ್ತು. ಆದರೆ ಅಲ್ಲಿ ಕುಳಿತ ಮೇಘಿಯನ ಮನಸ್ಸಿಗೆ ಆಸೆ, ಕೋಪ, ಹಿಂಸೆಯ ಯೋಚನೆಗಳೇ ಮುತ್ತಿಕೊಂಡವು. ಹಿಂದಿರುಗಿ ಬಂದವನಿಗೆ ಬುದ್ಧನು ಬಯ್ಯಲಿಲ್ಲ. ಹಣ್ಣಾಗದ ಮನಸ್ಸು ಹಣ್ಣಾಗಲು ಐದು ಸಂಗತಿಗಳು ಬೇಕೆಂದು ಹೇಳಿ, ಅವುಗಳಲ್ಲಿ ಮೊದಲನೆಯದಾಗಿ ಕಲ್ಯಾಣಮಿತ್ರರನ್ನು ಹೆಸರಿಸಿದನು. ಮಾವಿನ ತೋಪಿನ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಇದೆಲ್ಲ ನಮಗೆ ಪುಸ್ತಕದಿಂದ ಮೊದಲು ಬಂದದ್ದಲ್ಲ. ನಾವು ಗಂಡ ಹೆಂಡಿರಿಬ್ಬರೂ ಪುಣೆಗೆ ಬಂದದ್ದು 2016ರಲ್ಲಿ, ಸರಕಾರಿ ಕಛೇರಿಯ ಗುಮಾಸ್ತೆಯ ಕೆಲಸದ ನಿಮಿತ್ತ. ನಾವಿರುವ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಒಬ್ಬ ಮರಾಠಿ ಆಜಿ ಇದ್ದಾರೆ. ಅವರದು ಬೌದ್ಧ ಮನೆತನ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾಕ್ಟರ್ ಅಂಬೇಡ್ಕರ್ ಅವರು ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದಾಗ ಆ ಜನಸಾಗರದಲ್ಲಿ ಈ ಆಜಿಯ ತಾಯಿತಂದೆಗಳೂ ಇದ್ದರು. ಆ ಮಹಾಪುರುಷರು ಅದಾಗಿ ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು ತೀರಿಕೊಂಡರು. ತಾಯಿತಂದೆಗಳು ಆ ದಿನ ಊಟ ಮಾಡಲಿಲ್ಲವೆಂಬುದನ್ನು ಆಜಿ ಇಂದಿಗೂ ಹೇಳುತ್ತಾರೆ.

2018ರಲ್ಲಿ ನಮಗೊಂದು ಮಗು ಹುಟ್ಟಿತು. ಎರಡು ದಿನ ಇತ್ತು. ಮೂರನೆಯ ದಿನ ಇಲ್ಲವಾಯಿತು. ಯಾರ ತಪ್ಪೂ ಅಲ್ಲವೆಂದು ವೈದ್ಯರು ಹೇಳಿದರು, ನಾವೂ ಅದನ್ನೇ ನಂಬಿದೆವು. ಊರಿನಿಂದ ಹಿರಿಯರು ಬಂದು ಹೋದರು. ಬಂದವರೆಲ್ಲ ಏನಾದರೂ ಹೇಳಲೇಬೇಕೆಂದು ಹೇಳಿದರು: ಋಣವಿಷ್ಟೇ ಇತ್ತು, ಇನ್ನೂ ವಯಸ್ಸಿದೆ, ಇದಕ್ಕಿಂತ ದೊಡ್ಡ ದುಃಖ ಕಂಡವರಿದ್ದಾರೆ. ಎಲ್ಲವೂ ಪ್ರೀತಿಯ ಮಾತುಗಳೇ, ಆದರೆ ಒಂದೂ ಒಳಗೆ ಇಳಿಯಲಿಲ್ಲ. ಅವರೆಲ್ಲ ಹೊರಟುಹೋದ ಮೇಲೆ ಆಜಿ ಮೆಟ್ಟಿಲು ಹತ್ತಿ ಬಂದರು.

ಮಗುವನ್ನು ಕಳೆದುಕೊಂಡ ಕಿಸಾಗೋತಮಿಯ ಕಥೆಯನ್ನು ಓದುಗರು ಬಲ್ಲರು. ಸಾವಿಲ್ಲದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದು ಬುದ್ಧನು ಹೇಳಿದ ಆ ಕಥೆ ಶಾಲೆಯ ಪುಸ್ತಕದಲ್ಲೂ ಇರುತ್ತದೆ. ಆಜಿಗೆ ಅದು ಬಾಯಿಪಾಠ. ಅವರು ಅದನ್ನು ನಮಗೆ ಹೇಳಲಿಲ್ಲ. ಸುಮ್ಮನೆ ಅಡುಗೆಮನೆಗೆ ಹೋದರು, ನಮ್ಮ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಸಾಸಿವೆ ಎಲ್ಲಿದೆಯೆಂದು ಹುಡುಕಿ ತೆಗೆದು, ಒಗ್ಗರಣೆ ಹಾಕಿ, ಎರಡು ತಟ್ಟೆಗೆ ಅನ್ನ ಬಡಿಸಿ, ನಾವು ತಿಂದು ಮುಗಿಸುವವರೆಗೆ ಗೋಡೆಗೆ ಒರಗಿ ಕುಳಿತರು. ಹನ್ನೊಂದು ದಿನ ಹೀಗೆಯೇ ನಡೆಯಿತು. ಹನ್ನೆರಡನೆಯ ದಿನ ಭಾನುವಾರ. ಸಂಜೆ ವಿಹಾರಕ್ಕೆ ಹೋಗುತ್ತೇನೆ, ಬರುವುದಾದರೆ ಬನ್ನಿ, ಬರದಿದ್ದರೂ ಅನ್ನ ಇಟ್ಟು ಹೋಗುತ್ತೇನೆ ಎಂದರು. ನಾವು ಹೋದೆವು.

ವಿಹಾರವೆಂದರೆ ದೊಡ್ಡದೇನೂ ಅಲ್ಲ. ಒಂದು ಕೋಣೆ, ಒಂದು ಬುದ್ಧಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಭಾವಚಿತ್ರ, ಕೂರಲು ಜಮಖಾನೆ. ವಂದನೆ ಮುಗಿದ ಮೇಲೆ ಹೆಚ್ಚಿನವರು ಮನೆಗೆ ಹೋಗುವರು, ನಾಲ್ಕಾರು ಜನ ಉಳಿದು ಒಂದು ಸೂತ್ರವನ್ನು ಓದಿ ಮಾತನಾಡುವರು. ಓದಿಸುತ್ತಿದ್ದವರು ನಿವೃತ್ತ ಶಾಲಾಮಾಸ್ತರರು. ಪಾಳಿಯನ್ನು ತಾವೇ ಕಲಿತವರು. ಪುಣೆಗೂ ಪಾಳಿಗೂ ಹಳೆಯ ನಂಟು. ಧರ್ಮಾನಂದ ಕೋಸಂಬಿಯವರು 1912ರಿಂದ ಆರು ವರ್ಷ ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿಯನ್ನು ಕಲಿಸಿದ್ದರು. ಮಾಸ್ತರರು ಕೋಸಂಬಿಯವರ ಮರಾಠಿ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡೇ ಬರುತ್ತಿದ್ದರು. ಕೇಳುವವರಲ್ಲಿ ಆಜಿ, ನಾವಿಬ್ಬರು, ಪುಣೆಯಲ್ಲಿ ಓದುತ್ತಿದ್ದ ಲಡಾಖಿನ ಒಬ್ಬ ವಿದ್ಯಾರ್ಥಿ, ಮತ್ತೆ ಒಬ್ಬಿಬ್ಬರು. ಮಾಸ್ತರರು ಮರಾಠಿಯಲ್ಲಿ ಹೇಳುವರು, ವಿದ್ಯಾರ್ಥಿ ಹಿಂದಿಯಲ್ಲಿ ಕೇಳುವನು, ನಾವು ಮನೆಗೆ ಬಂದು ಕನ್ನಡದಲ್ಲಿ ಮೆಲುಕು ಹಾಕುವೆವು. ನಮ್ಮ ಜಿ. ಪಿ. ರಾಜರತ್ನಂ ಅವರು ಮಕ್ಕಳ ಪದ್ಯಗಳಿಗೂ ರತ್ನನ ಪದಗಳಿಗೂ ಹೆಸರಾದವರು. ಬೌದ್ಧ ವಾಙ್ಮಯವನ್ನು ಕನ್ನಡಕ್ಕೆ ತರಲು ಅವರು ಎಷ್ಟು ದುಡಿದರೆಂಬುದು ನಮಗೆ ತಿಳಿದದ್ದು ಪರನಾಡಿನ ಆ ಜಮಖಾನೆಯ ಮೇಲೆ ಕುಳಿತ ಮೇಲೆಯೇ.

ಒಂದು ಭಾನುವಾರ ಲಡಾಖಿನ ಹುಡುಗನು ಒಂದು ಸಂಗತಿ ಹೇಳಿದನು. ಟಿಬೆಟಿನ ಮಠಗಳಲ್ಲಿ ಹಲವು ವರ್ಷ ಶಾಸ್ತ್ರಾಭ್ಯಾಸ ಮಾಡಿದ ಭಿಕ್ಷುಗಳಿಗೆ ಗೆಶೆ ಎಂಬ ಪದವಿ ಕೊಡುತ್ತಾರೆ. ನಮ್ಮಲ್ಲಿ ಪಂಡಿತ ಎಂದಂತೆ ಇರಬಹುದೆಂದು ನಾವು ಎಣಿಸಿದ್ದೆವು. ಅಲ್ಲವಂತೆ. ಅದು ಗೆವೆ ಶೆನ್ಯೆನ್ ಎಂಬುದರ ಸಂಕ್ಷೇಪ, ಅಂದರೆ ಕಲ್ಯಾಣಮಿತ್ರ ಎಂಬುದರ ನೇರ ಅನುವಾದ. ಶಾಸ್ತ್ರಗಳನ್ನೆಲ್ಲ ಅರೆದು ಕುಡಿದವನಿಗೆ ಕೊನೆಗೆ ಸಿಕ್ಕುವ ಬಿರುದು 'ಒಳ್ಳೆಯ ಗೆಳೆಯ'! ನಮ್ಮ ಕಡೆಯ ಡಿಗ್ರಿಗಳಿಗೆ ಇಂಥ ಹೆಸರಿದ್ದರೆ ಪದವೀಧರರ ನಡತೆ ಸ್ವಲ್ಪ ಬೇರೆಯಾಗುತ್ತಿತ್ತೇನೋ. ಈ ಪದವಿಗಾಗಿ ಓದುವವರು ನಮ್ಮ ಬೈಲಕುಪ್ಪೆಯ ಸೆರಾ ಮಠದಲ್ಲಿಯೂ, ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳಲ್ಲಿಯೂ ಇದ್ದಾರೆ. ಕನ್ನಡ ನಾಡಿನಲ್ಲಿ ಕಲ್ಯಾಣಮಿತ್ರರನ್ನು ತಯಾರು ಮಾಡುವ ವಿದ್ಯಾಲಯಗಳಿವೆ ಎಂದು ನಮಗೆ ತಿಳಿಸಲು ಲಡಾಖಿನವನು ಬೇಕಾಯಿತು.

ನಾವು ಧರ್ಮ ಬದಲಿಸಿದವರಲ್ಲ. ನಮ್ಮ ಮನೆಯಲ್ಲಿ ಗೌರಿ ಗಣೇಶ ನಡೆಯುತ್ತದೆ, ದೀಪಾವಳಿಗೆ ನೀರು ತುಂಬುವುದೂ ನಡೆಯುತ್ತದೆ. ಆಜಿಯ ದಾರಿ ಬೇರೆ. ಬಾಬಾಸಾಹೇಬರು 1956ರಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಗೌರಿ ಗಣಪತಿಯರನ್ನು ಪೂಜಿಸುವುದಿಲ್ಲವೆಂಬುದೂ ಒಂದು. ಆ ಪ್ರತಿಜ್ಞೆಯ ಹಿಂದೆ ಎಷ್ಟು ತಲೆಮಾರುಗಳ ನೋವಿದೆಯೆಂಬುದು ಓದಿದವರಿಗೆ ಗೊತ್ತು, ಅನುಭವಿಸಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಮೊದಲ ವರ್ಷ ಹಬ್ಬದ ದಿನ ಅವರನ್ನು ಕರೆಯುವುದೋ ಬೇಡವೋ ಎಂದು ನಾವು ಬಹಳ ಹೊತ್ತು ಮಾತನಾಡಿಕೊಂಡೆವು. ಕೊನೆಗೆ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿ ಕರೆದೆವು. ಆಜಿ ಬಂದರು. ಮಂಟಪಕ್ಕೆ ಕೈಮುಗಿಯಲಿಲ್ಲ. ಪ್ರಸಾದವೆಂದು ಕೊಟ್ಟರೆ ತನಗೆ ಬೇಡ, ನಿಮ್ಮ ಕೈಯಡುಗೆ ಎಂದು ಕೊಟ್ಟರೆ ನಾಲ್ಕು ಕಡುಬು ತಿನ್ನುತ್ತೇನೆ ಎಂದರು. ಹಾಗೆಯೇ ಕೊಟ್ಟೆವು. ಐದು ತಿಂದರು. ಊರಿನಿಂದ ಬಂದಿದ್ದ ನೆಂಟರೊಬ್ಬರು ಅವರು ಹೋದ ಮೇಲೆ, ಇವರು ಯಾವ ಪೈಕಿ ಎಂದು ಪಿಸುಮಾತಿನಲ್ಲಿ ಕೇಳಿದರು. ನಮ್ಮ ಪೈಕಿ ಎಂದೆವು. ಮತ್ತೆ ಕೇಳಲಿಲ್ಲ.

ಸ್ನೇಹದ ಲಕ್ಷಣಗಳನ್ನು ಲೆಕ್ಕಪತ್ರದಂತೆ ಬರೆದಿಟ್ಟ ಒಂದು ಸೂತ್ರ ದೀಘನಿಕಾಯದಲ್ಲಿದೆ. ಸಿಗಾಲನೆಂಬ ಗೃಹಸ್ಥನ ಮಗನಿಗೆ ಬುದ್ಧನು ಹೇಳಿದ್ದು. ಗೆಳೆಯರಂತೆ ಕಾಣುವ ಆದರೆ ಗೆಳೆಯರಲ್ಲದವರು ನಾಲ್ಕು ಬಗೆ: ಬರಿದೆ ತೆಗೆದುಕೊಂಡು ಹೋಗುವವನು, ಬಾಯಿಮಾತಿನವನು, ಮುಖಸ್ತುತಿಯವನು, ಹಾಳಾಗುವ ದಾರಿಗೆ ಮಾತ್ರ ಜೊತೆ ಬರುವವನು. ನಿಜವಾದ ಗೆಳೆಯರೂ ನಾಲ್ಕು ಬಗೆ: ಉಪಕಾರಿ, ಸುಖದುಃಖಗಳೆರಡರಲ್ಲೂ ಒಂದೇ ಸಮನಾಗಿರುವವನು, ಹಿತ ಹೇಳುವವನು, ಮರುಗುವ ಮನಸ್ಸಿನವನು. ಒಬ್ಬೊಬ್ಬನಿಗೂ ನಾಲ್ಕು ನಾಲ್ಕು ಗುರುತುಗಳು. ಇದನ್ನು ಓದಿದ ದಿನ ನಾವೆಲ್ಲ ಮನಸ್ಸಿನಲ್ಲಿಯೇ ಪರಿಚಿತರಿಗೆ ಅಂಕ ಹಾಕತೊಡಗಿದ್ದೆವು. ಮಾಸ್ತರರು ಅದನ್ನು ಕಂಡುಕೊಂಡು ನಕ್ಕರು. ಈ ಪಟ್ಟಿ ಇತರರನ್ನು ಅಳೆಯಲು ಕೊಟ್ಟ ಗಜಕಡ್ಡಿಯಲ್ಲ, ನಾವು ಏನಾಗಬೇಕೆಂಬುದರ ನಕಾಶೆ ಎಂದು ಹೇಳಿದರು.

ಗೃಹಸ್ಥರಿಗೆ ಇನ್ನೂ ಹತ್ತಿರವಾದ ಸೂತ್ರ ದೀಘಜಾಣುವಿನದು. ಕೋಲಿಯರ ಈ ಗೃಹಸ್ಥನು ಬುದ್ಧನ ಬಳಿಗೆ ಬಂದು, ತಾವು ಹೆಂಡತಿ ಮಕ್ಕಳೊಡನೆ ಇಕ್ಕಟ್ಟಿನ ಮನೆಯಲ್ಲಿರುವವರು, ಗಂಧ ಪೂಸಿಕೊಳ್ಳುವವರು, ಬೆಳ್ಳಿ ಬಂಗಾರ ಮುಟ್ಟುವವರು, ತಮ್ಮಂಥವರಿಗೆ ಏನಾದರೂ ಹೇಳೆಂದು ಕೇಳಿದನು. ಈ ಲೋಕದ ಸುಖಕ್ಕೆಂದು ಬುದ್ಧನು ನಾಲ್ಕು ಹೇಳಿದನು: ಉದ್ಯೋಗದಲ್ಲಿ ಶ್ರದ್ಧೆ, ಗಳಿಸಿದ್ದರ ಕಾಪಾಡಿಕೆ, ಕಲ್ಯಾಣಮಿತ್ರರ ಸಂಗ, ವರಮಾನವು ಖರ್ಚನ್ನು ಮೀರಿರುವಂಥ ಸಮತೂಕದ ಜೀವನ. ಕೊನೆಯದನ್ನು ಓದಿದಾಗ, ತಿಂಗಳ ಕೊನೆಯ ವಾರದಲ್ಲಿ ಸರಕಾರಿ ಗುಮಾಸ್ತರ ಮನೆಯ ಲೆಕ್ಕ ನೋಡಿದವರಾರೋ ಇದನ್ನು ಹೇಳಿರಬೇಕೆಂದು ನಮಗೆ ಅನ್ನಿಸಿತು. ಆದರೆ ಗಮನಿಸಬೇಕಾದ್ದು ಮೂರನೆಯದು. ಅನ್ನ, ಉಳಿತಾಯ, ಖರ್ಚುಗಳ ನಡುವೆಯೇ ಗೆಳೆತನಕ್ಕೆ ಜಾಗವಿದೆ. ಅದು ಪುರಸೊತ್ತಾದಾಗ ನೋಡಿಕೊಳ್ಳುವ ವಿಷಯವಲ್ಲ, ಸಂಸಾರದ ನಾಲ್ಕು ಕಂಬಗಳಲ್ಲೊಂದು.

ಜೊತೆಯಲ್ಲಿ ಬಾಳುವ ಬಗೆಯನ್ನು ಅನುರುದ್ಧ, ನಂದಿಯ, ಕಿಂಬಿಲರೆಂಬ ಮೂವರು ಭಿಕ್ಷುಗಳು ತೋರಿಸಿದ್ದಾರೆ. ಹಾಲೂ ನೀರೂ ಬೆರೆತಂತೆ ಅವರ ಬಾಳು. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಕಿ ನೀರು ಇಡುವನು, ಕೊನೆಗೆ ಬಂದವನು ಎಲ್ಲ ತೊಳೆದು ಗುಡಿಸುವನು. ಕೊಡ ಖಾಲಿಯಾದದ್ದನ್ನು ಯಾರು ಕಂಡರೆ ಅವರೇ ತುಂಬುವರು, ಒಬ್ಬನಿಂದ ಆಗದಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುವರು. ಅದಕ್ಕಾಗಿ ಮೌನ ಮುರಿಯುವುದಿಲ್ಲ. ಐದು ದಿನಕ್ಕೊಮ್ಮೆ ಮಾತ್ರ ರಾತ್ರಿಯಿಡೀ ಕುಳಿತು ಧರ್ಮದ ಮಾತು. ನೀರು ತುಂಬುವ ಸರದಿಗಾಗಿ ಎಷ್ಟು ಮನೆಗಳಲ್ಲಿ ಮಾತು ಬೆಳೆಯುತ್ತದೆಂಬುದನ್ನು ಬಲ್ಲ ನಮ್ಮ ಓದುಗರಿಗೆ ಈ ಸೂತ್ರದ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಮ್ಮೆ ಮಾಸ್ತರರು ನಮ್ಮನ್ನೆಲ್ಲ ಕಾರ್ಲೆಯ ಗುಹೆಗೆ ಕರೆದುಕೊಂಡು ಹೋದರು. ಪುಣೆ-ಲೋಣಾವಳಾ ಲೋಕಲಿನಲ್ಲಿ ಮಳವಲಿಯಲ್ಲಿ ಇಳಿದು ಹೋಗಬೇಕು. ಮೆಟ್ಟಿಲು ಹತ್ತಿದರೆ ಏಕವೀರಾ ದೇವಿಯ ಗುಡಿ, ಅದರ ಹಿಂದೆಯೇ ಬಂಡೆಯಲ್ಲಿ ಕೊರೆದ ಚೈತ್ಯಗೃಹ. ಸುಮಾರು 124 ಅಡಿ ಉದ್ದ, ಎರಡು ಸಾಲು ಕಂಬ, ಮೇಲೆ ಸುಮಾರು ಎರಡು ಸಾವಿರ ವರ್ಷದ ಮರದ ತೊಲೆಗಳು ಇನ್ನೂ ಇವೆ. ಕಂಬಗಳ ಮೇಲೂ ಗೋಡೆಗಳ ಮೇಲೂ ದಾನಿಗಳ ಹೆಸರುಗಳಿವೆ: ಒಬ್ಬ ಸುಗಂಧದ ವ್ಯಾಪಾರಿ, ಒಬ್ಬ ಬಡಗಿ, ಕೆಲವರು ಯವನರು. ಮೊಗಸಾಲೆಯ ಎಡಬದಿಯ ಶಾಸನದ ಮುಂದೆ ಮಾಸ್ತರರು ನಮ್ಮನ್ನು ನಿಲ್ಲಿಸಿ, ಇದು ನಿಮ್ಮವರದು ಎಂದರು. ಈ ಶಿಲಾಗೃಹವನ್ನು ಪೂರೈಸಿದವನು ವೈಜಯಂತಿಯ ಸೆಟ್ಟಿ ಭೂತಪಾಲನೆಂದು ಅದು ಹೇಳುತ್ತದೆ. ಜಂಬೂದ್ವೀಪದಲ್ಲಿಯೇ ಇದಕ್ಕೆ ಸಾಟಿಯಿಲ್ಲವೆಂಬ ಹೆಮ್ಮೆಯೂ ಅದರಲ್ಲಿದೆ. ವೈಜಯಂತಿಯೆಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ನಾವು ಆ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತೆವು. ವರದಾ ತೀರದ ಒಬ್ಬ ಸೆಟ್ಟಿಯು ಇಷ್ಟು ದೂರ ಬಂದು, ತನ್ನ ನುಡಿಯವರಲ್ಲದ, ತನ್ನ ಊರಿನವರಲ್ಲದ ಭಿಕ್ಷುಗಳು ಮಳೆಗಾಲ ಕಳೆಯಲೆಂದು ಬಂಡೆ ಕಡೆಸಿದನು. ಅಲ್ಲಿ ಕುಳಿತು ಧ್ಯಾನ ಮಾಡಿದವರಲ್ಲಿ ಹೆಚ್ಚಿನವರನ್ನು ಅವನು ಕಂಡೇ ಇರಲಾರನು. ಪರನಾಡಿನಲ್ಲಿ ದುಡಿಯುವ ಕನ್ನಡಿಗರ ಸಾಲು ನಾವು ತಿಳಿದದ್ದಕ್ಕಿಂತ ಬಹಳ ಉದ್ದವೆಂದೂ, ಆ ಸಾಲಿನ ಮೊದಲಿಗರಲ್ಲಿ ಒಬ್ಬನು ತಾನು ಕಾಣದವರಿಗಾಗಿ ನೆರಳು ಮಾಡಿಟ್ಟು ಹೋದವನೆಂದೂ ಅಂದು ನಮಗೆ ತೋರಿತು.

2020ರ ಮಾರ್ಚಿಯಲ್ಲಿ ಕೊರೋನಾದ ದಿಗ್ಬಂಧನ ಬಂದಿತು. ವಿಹಾರಕ್ಕೆ ಬೀಗ ಬಿದ್ದಿತು. ಎರಡು ಭಾನುವಾರ ಸುಮ್ಮನಿದ್ದ ಮಾಸ್ತರರು ಮೂರನೆಯ ಭಾನುವಾರ ರಾತ್ರಿ ಎಂಟು ಗಂಟೆಗೆ ಎಲ್ಲರನ್ನೂ ದೂರವಾಣಿಯಲ್ಲಿ ಒಟ್ಟಿಗೆ ಕರೆದರು. ಒಬ್ಬರು ಓದುವುದು, ಉಳಿದವರು ಕೇಳುವುದು, ಕಾಲು ಗಂಟೆ ಮೌನ, ಆಮೇಲೆ ಮಾತು. ದೂರವಾಣಿಯಲ್ಲಿ ಮೌನವಾಗಿರುವುದು ವಿಚಿತ್ರವೆನ್ನಿಸಬಹುದು. ಆದರೆ ಆ ದಿನಗಳಲ್ಲಿ ಇನ್ನೊಂದು ಕೊನೆಯಿಂದ ಯಾರದೋ ಮನೆಯ ಕುಕ್ಕರಿನ ಸದ್ದು, ಯಾರದೋ ಮೆಲ್ಲನೆಯ ಉಸಿರು ಕೇಳಿದರೆ ಎಷ್ಟೋ ಧೈರ್ಯ ಬರುತ್ತಿತ್ತು. ಆ ಮೌನದಲ್ಲಿಯೇ ಕಲಬುರ್ಗಿಯಿಂದ ಒಬ್ಬ ಶಾಲಾ ಉಪಾಧ್ಯಾಯಿನಿ ಬಂದು ಸೇರಿದರು. ಭೀಮಾ ತೀರದ ಸನ್ನತಿಯ ವಿಷಯದಲ್ಲಿ ಮಾಸ್ತರರೊಡನೆ ಅವರಿಗೆ ಪತ್ರವ್ಯವಹಾರವಿತ್ತು. ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಶಿಲ್ಪ ಸಿಕ್ಕ ಕಥೆಯನ್ನು ನಮಗೆ ಅಚ್ಚಗನ್ನಡದಲ್ಲಿ ಹೇಳಿದವರು ಅವರು. ಅವರ ಮುಖ ಹೇಗಿದೆಯೆಂದು ನಮಗೆ ತಿಳಿಯದು. ದನಿ ಮಾತ್ರ ಗೊತ್ತು.

ನೋಡದವರ ನಡುವೆ ಗೆಳೆತನವೆಂದರೇನು ಎಂದು ಕೇಳುವವರಿಗೆ ಮಾಸ್ತರರು ಪುಕ್ಕುಸಾತಿಯ ಕಥೆ ಹೇಳುತ್ತಿದ್ದರು. ಮಜ್ಝಿಮನಿಕಾಯದ ಅಟ್ಠಕಥೆಯಲ್ಲಿ ಬರುವ ಕಥೆ. ಪುಕ್ಕುಸಾತಿ ತಕ್ಷಶಿಲೆಯ ಅರಸು, ಬಿಂಬಿಸಾರ ರಾಜಗೃಹದ ಅರಸು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ವ್ಯಾಪಾರಿಗಳ ಮೂಲಕ ಸುದ್ದಿ ಕಳುಹಿಸುತ್ತ, ಕಾಣಿಕೆ ಕಳುಹಿಸುತ್ತ ಗೆಳೆಯರಾದರು. ಇಂಥವರಿಗೆ ಪಾಳಿಯಲ್ಲಿ ಅದಿಟ್ಠಸಹಾಯರು, ಅಂದರೆ ನೋಡದ ಗೆಳೆಯರು ಎಂಬ ಹೆಸರೇ ಇದೆ. ಪುಕ್ಕುಸಾತಿಯು ಬೆಲೆಬಾಳುವ ವಸ್ತ್ರಗಳನ್ನು ಕಳುಹಿಸಿದಾಗ ಬಿಂಬಿಸಾರನು ಅದಕ್ಕೆ ಪ್ರತಿಯಾಗಿ ಚಿನ್ನದ ತಗಡಿನ ಮೇಲೆ ಬುದ್ಧ ಧಮ್ಮ ಸಂಘಗಳ ವಿಷಯ ಬರೆಯಿಸಿ ಕಳುಹಿಸಿದನು. ಅದನ್ನು ಓದಿದ ಪುಕ್ಕುಸಾತಿ ಸಿಂಹಾಸನ ಬಿಟ್ಟು, ತಲೆ ಬೋಳಿಸಿಕೊಂಡು, ಕಾಲುನಡಿಗೆಯಲ್ಲಿ ರಾಜಗೃಹಕ್ಕೆ ಬಂದು ಒಬ್ಬ ಕುಂಬಾರನ ಮನೆಯಲ್ಲಿ ಇಳಿದುಕೊಂಡನು. ಅದೇ ರಾತ್ರಿ ಬುದ್ಧನೂ ಅಲ್ಲಿಗೆ ಬಂದು, ಅಡ್ಡಿಯಿಲ್ಲದಿದ್ದರೆ ಅಲ್ಲಿ ಇರುವೆನೆಂದು ಕೇಳಿದನು. ಯಾರನ್ನು ಹುಡುಕಿ ಬಂದನೋ ಅವನೇ ಎದುರಿಗಿದ್ದಾನೆಂದು ಪುಕ್ಕುಸಾತಿಗೆ ಗುರುತು ಸಿಗಲಿಲ್ಲ. ಬುದ್ಧನು ಉಪದೇಶ ಮಾಡಿದ ಮೇಲೆಯೇ, ಆ ಮಾತಿನಿಂದಲೇ ಅವನು ಗುರುತಿಸಿದನು. ಕಣ್ಣು ಹಿಡಿಯದ ಗುರುತನ್ನು ಕಿವಿ ಹಿಡಿಯಿತು.

2021ರಲ್ಲಿ ಮಾಸ್ತರರು ಮಗಳ ಮನೆಗೆಂದು ನಾಗಪುರಕ್ಕೆ ಹೋದರು. ಮರುವರ್ಷ ಲಡಾಖಿನ ಹುಡುಗನು ಓದು ಮುಗಿಸಿ ಲೇಹ್‌ಗೆ ಹಿಂದಿರುಗಿದನು. ಭಾನುವಾರದ ಎಂಟು ಗಂಟೆ ಮಾತ್ರ ನಿಲ್ಲಲಿಲ್ಲ. ಈ ನಡುವೆ ಕಛೇರಿಯ ಜ್ಯೇಷ್ಠತಾ ಪಟ್ಟಿಯಲ್ಲಿ ನಮ್ಮ ಹೆಸರು ಕೆಳಗಿಳಿದು ಬಡ್ತಿ ತಪ್ಪಿತು. ಗೆಳೆಯರಲ್ಲಿ ಕೆಲವರು ಅವರನ್ನು ಬಿಡಬೇಡಿ ಎಂದರು, ಕೆಲವರು ಹೋಗಲಿ ಬಿಡಿ ಎಂದರು. ಮಾಸ್ತರರು ಎರಡನ್ನೂ ಹೇಳಲಿಲ್ಲ. ನಿಯಮದ ಪ್ರಕಾರ ಅರ್ಜಿ ಬರೆಯಿರಿ, ಕೋಪದ ವಿಶೇಷಣಗಳನ್ನೆಲ್ಲ ತೆಗೆದುಹಾಕಿ, ನಕಲು ಇಟ್ಟುಕೊಂಡು ಕಳುಹಿಸಿ, ಆಮೇಲೆ ಭಾನುವಾರದ ಓದಿಗೆ ಬನ್ನಿ ಎಂದರು. ಹಾಗೆಯೇ ಮಾಡಿದೆವು. ವಿಶೇಷಣಗಳನ್ನು ತೆಗೆದ ಮೇಲೆ ನಾಲ್ಕು ಪುಟದ ಅರ್ಜಿ ಒಂದೇ ಪುಟವಾಯಿತು. ಉತ್ತರ ಇನ್ನೂ ಬಂದಿಲ್ಲ, ನಿದ್ರೆ ಬರುತ್ತಿದೆ.

2023ರ ಮಳೆಗಾಲದಲ್ಲಿ ಮಾಸ್ತರರು ಹಾಸಿಗೆ ಹಿಡಿದರು. ಓದುವ ಸರದಿ ನಮ್ಮದಾಯಿತು, ಮಗಳು ದೂರವಾಣಿಯನ್ನು ಅವರ ಕಿವಿಗೆ ಹಿಡಿಯುತ್ತಿದ್ದರು. ಒಂದು ವಾರ ಅನಾಥಪಿಂಡಿಕನ ಸೂತ್ರವನ್ನು ಓದಬೇಕೆಂದು ಅವರೇ ಹೇಳಿ ಕಳುಹಿಸಿದರು. ಜೇತವನವನ್ನು ಕೊಂಡು ಸಂಘಕ್ಕೆ ಕೊಟ್ಟ ಆ ದೊಡ್ಡ ಸೆಟ್ಟಿ ಸಾಯುವ ಹಾಸಿಗೆಯಲ್ಲಿದ್ದಾಗ ಸಾರಿಪುತ್ರನೂ ಆನಂದನೂ ನೋಡಲು ಬರುತ್ತಾರೆ. ಕಣ್ಣು, ಕಿವಿ, ಈ ಲೋಕ, ಆ ಲೋಕ ಯಾವುದಕ್ಕೂ ಅಂಟಿಕೊಳ್ಳದಿರುವುದನ್ನು ಸಾರಿಪುತ್ರನು ಹಂತಹಂತವಾಗಿ ಹೇಳುತ್ತಾನೆ. ಸೆಟ್ಟಿ ಅಳುತ್ತಾನೆ. ನೋವಿಗಲ್ಲ, ಇಷ್ಟು ವರ್ಷ ಬುದ್ಧನ ಸೇವೆ ಮಾಡಿದರೂ ಇಂಥ ಮಾತನ್ನು ಕೇಳಿರಲಿಲ್ಲವೆಂದು. ಇದು ಗೃಹಸ್ಥರಿಗೆ ಹೇಳುವಂಥದ್ದಲ್ಲವೆಂದಾಗ, ಗೃಹಸ್ಥರಿಗೂ ಹೇಳಿ, ಕಣ್ಣಲ್ಲಿ ಧೂಳು ಕಡಮೆಯಿರುವವರು ಅವರಲ್ಲಿಯೂ ಇದ್ದಾರೆ ಎಂದು ಬೇಡಿಕೊಳ್ಳುತ್ತಾನೆ. ಓದು ಮುಗಿದ ಮೇಲೆ ಆ ಕೊನೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮುಂದಿನ ಭಾನುವಾರದೊಳಗೆ ಮಾಸ್ತರರು ತೀರಿಕೊಂಡರು.

ಆಜಿಯನ್ನು ಕರೆದುಕೊಂಡು ನಾವು ರಾತ್ರಿಯ ರೈಲಿನಲ್ಲಿ ನಾಗಪುರಕ್ಕೆ ಹೋದೆವು. ಅಂಗಳದಲ್ಲಿ ಜನ ಸೇರಿದ್ದರು. ಮಗಳ ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು ಯಾರಿಗೋ ನೀರು ತರಲು ಹೇಳಿದರು, ಎರಡೇ ಮಾತು. ನಾವಿಬ್ಬರೂ ಒಟ್ಟಿಗೆ ತಿರುಗಿದೆವು. ಕಲಬುರ್ಗಿಯ ಉಪಾಧ್ಯಾಯಿನಿ ರೈಲು ಬದಲಿಸಿಕೊಂಡು ನಮಗಿಂತ ಮೊದಲೇ ಬಂದು ಮುಟ್ಟಿದ್ದರು. ಮಾಸ್ತರರನ್ನು ಅವರು ಜೀವಂತವಾಗಿ ಒಮ್ಮೆಯೂ ಕಂಡಿರಲಿಲ್ಲ. ಮೂರು ದಿನ ಆ ಮನೆಯಲ್ಲಿ ಅಡುಗೆ ಅವರದು, ಪಾತ್ರೆ ನಮ್ಮದು. ಲೇಹ್‌ನಿಂದ ಹುಡುಗನು ರಾತ್ರಿ ಎಂಟಕ್ಕೆ ಕರೆದು ತನ್ನ ನುಡಿಯಲ್ಲಿ ಪ್ರಾರ್ಥನೆ ಹೇಳಿದನು. ಅರ್ಥ ಯಾರಿಗೂ ಆಗಲಿಲ್ಲ, ಕೊರತೆ ಯಾರಿಗೂ ಕಾಣಲಿಲ್ಲ.

ವಿನಯಪಿಟಕದಲ್ಲಿ ಒಂದು ಘಟನೆಯಿದೆ. ಭೇದಿಯಾಗಿ ತನ್ನ ಹೊಲಸಿನಲ್ಲಿಯೇ ಬಿದ್ದಿದ್ದ ಒಬ್ಬ ಭಿಕ್ಷುವನ್ನು ಯಾರೂ ನೋಡುತ್ತಿರಲಿಲ್ಲ. ಬುದ್ಧನು ಆನಂದನಿಂದ ನೀರು ತರಿಸಿ, ತಾನೇ ನೀರು ಹೊಯ್ದು, ಇಬ್ಬರೂ ಅವನನ್ನು ತೊಳೆದು ಎತ್ತಿ ಮಂಚದ ಮೇಲೆ ಮಲಗಿಸಿದರು. ಬಳಿಕ ಉಳಿದವರನ್ನು ಕರೆದು, ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿಯಿಲ್ಲ ತಂದೆಯಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುತ್ತಾರೆಂದು ಕೇಳಿದನು. ಮನೆ ಬಿಟ್ಟ ಸಂನ್ಯಾಸಿಗಳಿಗೆ ಕೇಳಿದ ಪ್ರಶ್ನೆಯಿದು. ಊರು ಬಿಟ್ಟ ಸಂಸಾರಿಗಳಾದ ನಮಗೂ ಇದು ಅಷ್ಟೇ ಸಲ್ಲುತ್ತದೆಂದು ನಮ್ಮ ನಂಬಿಕೆ.

ಸಂಘದ ಸದಸ್ಯರೆಲ್ಲರೂ ಪಾಳಿ ಸೂತ್ರಗಳನ್ನೇ ಓದಬೇಕೆಂದು ನಾವು ಹೇಳುತ್ತಿಲ್ಲ. ಶರಣರ ಸಂಗವೆಂಬ ಮಾತು, ಹರಿದಾಸರ ಸತ್ಸಂಗವೆಂಬ ಮಾತು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇವೆ. ಯಾವ ಹೆಸರಿನಿಂದ ಕರೆದರೂ ಬೇಕಾದ ಸಾಮಗ್ರಿ ಒಂದೇ: ವಾರಕ್ಕೊಂದು ಗೊತ್ತಾದ ಹೊತ್ತು, ಒಟ್ಟಿಗೆ ಓದಲು ಒಂದು ಒಳ್ಳೆಯ ಪುಸ್ತಕ, ಮೂರು ನಾಲ್ಕು ಜನ, ಕಾಲು ಗಂಟೆಯ ಮೌನ. ಜನ ನಮ್ಮ ಭಾಷೆಯವರೇ ಆಗಬೇಕೆಂದಿಲ್ಲ, ನಮ್ಮ ಜಾತಿಯವರಂತೂ ಆಗಬೇಕೆಂದೇ ಇಲ್ಲ. ಎದುರಿಗೆ ಕೂರಲೇಬೇಕೆಂದೂ ಇಲ್ಲ. ನಮ್ಮ ಭಾನುವಾರದ ಓದು ಈಗ ಉಪಾಧ್ಯಾಯಿನಿಯವರ ಹೊಣೆಯಲ್ಲಿ ನಡೆಯುತ್ತಿದೆ. ಮಾಸ್ತರರ ಮಗಳೂ ಸೇರಿಕೊಂಡಿದ್ದಾರೆ. ಕಳೆದ ತಿಂಗಳು ನಾವು ಮತ್ತೆ ಮೇಘಿಯನ ಸೂತ್ರಕ್ಕೆ ಬಂದಿದ್ದೇವೆ. ಆಜಿಗೆ ಕಿವಿ ಮಂದವಾಗಿದೆಯಾದ್ದರಿಂದ ಸ್ವಲ್ಪ ಗಟ್ಟಿಯಾಗಿ ಓದಬೇಕು.